ಮಳೆಗಾಲದಲ್ಲಿ ಬೆಂಜೀನ್ ಮಾಯ, ಬೇಸಿಗೆಯಲ್ಲಿ ಮತ್ತೆ ಹಾಜರು: ಬಾವಿ 2ರ ಒಗಟು

ಒರತೆ (ಪ್ರಶ್ನೆ):
ನೆಲದಡಿಯ ಎರಡು ಪೆಟ್ರೋಲ್ ಟ್ಯಾಂಕುಗಳ ಸುತ್ತ ಸೋರಿಕೆಯ ಮೇಲೆ ಕಣ್ಣಿಡುವ ಮೂರು ಮಾನಿಟರಿಂಗ್ ಬಾವಿಗಳಿವೆ. ಮೂರು ತಿಂಗಳಿಗೊಮ್ಮೆ ಮಾದರಿ ತೆಗೆಯುವ ಕೆಲಸ ನನ್ನದು. ಬೇಸಿಗೆಯಲ್ಲಿ ಬಾವಿ 2ರ ನೀರಿನಲ್ಲಿ ಪೆಟ್ರೋಲಿನ ಅಂಶವಾದ ಬೆಂಜೀನ್ ಲೀಟರಿಗೆ 2,400 ಮೈಕ್ರೋಗ್ರಾಂ ಇತ್ತು. ಬೈಲರ್ (ಬಾವಿಗೆ ಇಳಿಸಿ ನೀರೆತ್ತುವ ಕೊಳವೆ) ಎತ್ತಿದರೆ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಮಳೆಗಾಲದಲ್ಲಿ ಬರೀ 4. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ 10ಕ್ಕಿಂತಲೂ ಕಡಿಮೆ! ಎರಡು ವರ್ಷದಿಂದ ಇದೇ ಕಥೆ. ಮಳೆನೀರು ಬೆರೆತು ತೆಳುವಾಗಿದೆ ಎಂದು ಮೇಲಿನವರು ಕಡತ ಮುಚ್ಚಲು ಹೊರಟಿದ್ದಾರೆ. ಪ್ರಯೋಗಾಲಯ ಬದಲಿಸಿ ನೋಡಿದೆ, ಫಲಿತಾಂಶ ಬದಲಾಗಲಿಲ್ಲ.

ಮಣ್ಣಪದರ:
ಪ್ರಯೋಗಾಲಯವನ್ನು ಬಿಡಿ. ಬಾವಿ ಕೊರೆದಾಗಿನ ದಾಖಲೆ ಇದೆಯೇ? ಸೀಳುಗಳಿರುವ ಪೈಪ್ ಎಷ್ಟು ಆಳದಿಂದ ಆರಂಭವಾಗುತ್ತದೆ? ಎರಡೂ ಕಾಲದ ನೀರಿನ ಮಟ್ಟವನ್ನೂ ಹೇಳಿ.

ಒರತೆ:
ಒಟ್ಟು ಆಳ 12 ಮೀಟರ್. ಮೇಲಿನ 6 ಮೀಟರ್ ಸೀಳಿಲ್ಲದ ಪೈಪ್, ಅದರ ಕೆಳಗೆ ಪೂರ್ತಿ ಸೀಳು. ನೀರು ಬೇಸಿಗೆಯಲ್ಲಿ 8.1 ಮೀಟರ್ ಆಳದಲ್ಲಿ, ಮಳೆಗಾಲದಲ್ಲಿ 4.6 ಮೀಟರಿನಲ್ಲಿ.

ಮಣ್ಣಪದರ:
ಕಳ್ಳ ಅಲ್ಲೇ ಇದ್ದಾನೆ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ನೆತ್ತಿಯ ಮೇಲೆ ಕುಳಿತುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ನೆತ್ತಿ ನಿಮ್ಮ ಸೀಳುಗಳಿಗಿಂತ 1.4 ಮೀಟರ್ ಮೇಲಿದೆ. ಹೊರಗೆ ಮಣ್ಣಿನಲ್ಲಿ ಪೆಟ್ರೋಲ್ ಪೈಪಿನ ಗೋಡೆಗೆ ಒರಗಿಕೊಂಡಿದ್ದರೂ ಒಳಗೆ ಬರಲು ಬಾಗಿಲಿಲ್ಲ. ನೀವು ತುಂಬಿಸುತ್ತಿರುವುದು ಆಳದಿಂದ ಬಂದ ನೀರು. ಮಳೆ ಸ್ವಲ್ಪ ತೆಳು ಮಾಡಿರಬಹುದು, ಆದರೆ 2,400 ಇದ್ದದ್ದು 4 ಆಗುವುದಕ್ಕೆ ಅದೊಂದನ್ನೇ ಕಾರಣವೆಂದು ನಾನು ಒಪ್ಪುವುದಿಲ್ಲ.

ಹಳೆಯ ಬಾವಿಯನ್ನು ತಿದ್ದಲು ಹೋಗಬೇಡಿ. ಪಕ್ಕದಲ್ಲೇ ಇನ್ನೊಂದನ್ನು ಕೊರೆಸಿ. ಸೀಳು 3 ಮೀಟರಿನಿಂದ 10 ಮೀಟರಿನವರೆಗೆ ಇರಲಿ, ಆಗ ಎರಡೂ ಕಾಲದಲ್ಲಿ ಜಲಮಟ್ಟ ಅದರೊಳಗೇ ಬೀಳುತ್ತದೆ. ಅದರ ಮೇಲೆ ಬೆಂಟೋನೈಟ್ ಜೇಡಿಯ ಮುಚ್ಚಿಗೆ ಬೇಕೇ ಬೇಕು, ಇಲ್ಲದಿದ್ದರೆ ನೆಲದ ಮೇಲೆ ಚೆಲ್ಲಿದ ಪೆಟ್ರೋಲೂ ಒಳಗಿಳಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಹನಿಗಣ್ಣು:
ನಡುವೆ ಬಾಯಿ ಹಾಕುತ್ತಿದ್ದೇನೆ. ಬಾವಿಯ ನೀರೆತ್ತುವ ಪಂಪಿಗೆ ಜನರೇಟರ್ ಬಳಸುತ್ತೀರಾದರೆ ಹೊಗೆ ಬಾವಿಯ ಕಡೆ ಬರದಂತೆ, ಗಾಳಿ ಬಾವಿಯಿಂದ ಆಚೆಗೆ ಬೀಸುವ ಕಡೆ ದೂರದಲ್ಲಿ ಇಡಿ. ಅದರ ಹೊಗೆಯಿಂದಲೇ ಸೀಸೆಗೆ ಬೆಂಜೀನ್ ಸೇರಿದ್ದನ್ನು ಕಂಡಿದ್ದೇನೆ. 40 ಮಿಲಿಲೀಟರಿನ ಸೀಸೆಯನ್ನು ತುಳುಕುವಂತೆ ತುಂಬಬೇಡಿ, ಮಾದರಿ ಕೆಡದಂತೆ ಒಳಗೆ ಮೊದಲೇ ಹಾಕಿರುವ ಆಮ್ಲ ಹೊರಗೆ ಹೋಗುತ್ತದೆ. ನೀರು ಅಂಚಿನ ಮೇಲೆ ಉಬ್ಬಿ ನಿಂತಾಗ ಮುಚ್ಚಳ ಹಾಕಿ, ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಓಡಾಡಿದರೆ ಹೊಸ ಸೀಸೆ ತೆಗೆದುಕೊಳ್ಳಿ. ಬೈಲರ್ ಮೂಸುವ ಅಭ್ಯಾಸವನ್ನೂ ಬಿಡಿ, ಬೆಂಜೀನ್ ಕ್ಯಾನ್ಸರ್‌ಕಾರಕ.

ಒರತೆ (ಏಳು ವಾರಗಳ ಬಳಿಕ):
ಹೊಸ ಬಾವಿ ಆಯಿತು. ಇಂಟರ್‌ಫೇಸ್ ಪ್ರೋಬ್ (ಪೆಟ್ರೋಲ್ ಮತ್ತು ನೀರು ಯಾವ ಆಳದಲ್ಲಿ ಶುರುವಾಗುತ್ತವೆ ಎಂದು ತೋರಿಸುವ ಉಪಕರಣ) ಇಳಿಸಿದರೆ 4.52 ಮೀಟರಿನಲ್ಲಿ ಪೆಟ್ರೋಲ್, 4.72ರಲ್ಲಿ ನೀರು. ಇಪ್ಪತ್ತು ಸೆಂಟಿಮೀಟರ್ ದಪ್ಪ! ಅದೇ ದಿನ ಹಳೆಯ ಬಾವಿಯ ಬೈಲರಿನಲ್ಲಿ ಪೊರೆಯೂ ಇರಲಿಲ್ಲ. ಈಗ ಜಲಮಟ್ಟ ಎಂದು ಯಾವ ಅಂಕಿಯನ್ನು ಬರೆಯಲಿ?

ಮಣ್ಣಪದರ:
ಎರಡನ್ನೂ ಅಲ್ಲ. ಪೆಟ್ರೋಲಿನ ಭಾರ ನೀರನ್ನು ಕೆಳಗೆ ಒತ್ತಿದೆ. 0.20ನ್ನು ಪೆಟ್ರೋಲಿನ ಸಾಂದ್ರತೆ, ಅಂದಾಜು 0.74ರಿಂದ ಗುಣಿಸಿದರೆ 0.148, ಅದನ್ನು 4.72ರಿಂದ ಕಳೆಯಿರಿ. 4.57 ಬರೆಯಿರಿ. ಇದನ್ನು ಮರೆತರೆ ಮೂರು ಬಾವಿಗಳಿಂದ ಲೆಕ್ಕ ಹಾಕುವ ಹರಿವಿನ ದಿಕ್ಕೇ ತಿರುಗಿಬಿಡಬಹುದು. ಇನ್ನೊಂದು ಮಾತು: ಬಾವಿಯಲ್ಲಿ ಇಪ್ಪತ್ತು ಸೆಂಟಿಮೀಟರ್ ಕಂಡಿತೆಂದು ಮಣ್ಣಿನಲ್ಲೂ ಅಷ್ಟೇ ಇದೆ ಎಂದು ವರದಿಯಲ್ಲಿ ಬರೆಯಬೇಡಿ, ಸಾಮಾನ್ಯವಾಗಿ ಬಾವಿ ಹೆಚ್ಚೇ ತೋರಿಸುತ್ತದೆ. ನಿಯಂತ್ರಣ ಇಲಾಖೆಗೆ ಇಂದೇ ತಿಳಿಸಿ, ಟ್ಯಾಂಕುಗಳ ಜೊತೆ ಕೊಳವೆಗಳಿಗೂ ಸೋರಿಕೆ ಪರೀಕ್ಷೆ ಮಾಡಿಸಿ. ಕೊಳವೆಗಳನ್ನು ಯಾರೂ ಅನುಮಾನಿಸುವುದಿಲ್ಲ.

ಒರತೆ:
ಎರಡೂ ಟ್ಯಾಂಕುಗಳು ಬಿಗಿಯಾಗಿವೆ. ಸೋರುತ್ತಿದ್ದದ್ದು ಪೆಟ್ರೋಲ್ ಹಾಕುವ ಪಂಪಿನ ಕಡೆಗೆ ಹೋಗುವ ಕೊಳವೆಯ ಜೋಡಣೆ. ಆ ಮಾರ್ಗವನ್ನು ಬಂದ್ ಮಾಡಿದ್ದೇವೆ, ನಾಳೆ ಅಗೆಯುತ್ತಾರೆ. ಕಡತ ಮತ್ತೆ ನನ್ನ ಮೇಜಿನ ಮೇಲಿದೆ.