ಹಳೇ ಸವರನ್‌ನಲ್ಲಿ ರಾಣಿ ಚಿತ್ರದ ಕೆಳಗೆ ಟಿ.ಬಿ. ಅಂತ ಇದೆ, ಏನದು?

ಅಜ್ಜಿಯ_ಕಾಸಿನಸರ:
ಅಜ್ಜಿಯ ಸರದಿಂದ ಒಂದು ಸವರನ್, ಅಂದರೆ ಬ್ರಿಟನ್ನಿನ ಹಳೇ ಚಿನ್ನದ ನಾಣ್ಯ, ನನ್ನ ಪಾಲಿಗೆ ಬಂದಿದೆ. 1896ರದ್ದು. ಒಂದು ಕಡೆ ಮುಸುಕು ಹೊದ್ದ ವಯಸ್ಸಾದ ವಿಕ್ಟೋರಿಯಾ, ಇನ್ನೊಂದು ಕಡೆ ಕುದುರೆ ಸವಾರ. ಲೆನ್ಸ್ ಹಿಡಿದು ನೋಡಿದರೆ ರಾಣಿಯ ಕೆಳಗೆ ಇಂಗ್ಲಿಷಿನಲ್ಲಿ ಟಿ.ಬಿ. ಅಂತ ಇದೆ. ಅಕ್ಕಸಾಲಿಗರು "ಯಾವುದೋ ಅಂಗಡಿ ಗುರುತು, ನಕಲಿ ಇರಬಹುದು" ಅಂದರು. ಹೌದಾ?

ಹಳೇರೊಕ್ಕ:
ಅಂಗಡಿ ಗುರುತಲ್ಲ, ಶಿಲ್ಪಿಯ ಗುರುತು. ಥಾಮಸ್ ಬ್ರಾಕ್. 1887ರಲ್ಲಿ ಬೋಮ್ ಎಂಬ ಶಿಲ್ಪಿ ಮಾಡಿದ ಮುಖ ನಾಣ್ಯಕ್ಕೆ ಬಂದಿತ್ತು. ಅದರಲ್ಲಿ ರಾಣಿಯ ತಲೆ ಮೇಲೆ ಪುಟಾಣಿ ಕಿರೀಟ, ಈಗ ಬಿತ್ತು ಆಗ ಬಿತ್ತು ಅನ್ನೋ ಹಾಗೆ. ಜನ ಆಡಿಕೊಂಡರು. 1893ರಲ್ಲಿ ಬ್ರಾಕ್ ಮಾಡಿದ ಮುಖ ಬಂತು, ಜೊತೆಗೆ ಭಾರತದ ಚಕ್ರವರ್ತಿನಿ ಅನ್ನುವ ಬಿರುದಿನ ಚುಟುಕು ಅಕ್ಷರಗಳೂ ಸೇರಿದವು. ಹಿಂದುಗಡೆ ಬಿ.ಪಿ. ಅಂತಲೂ ಇರುತ್ತದೆ ನೋಡಿ, ಅದು ಆ ಕುದುರೆ ಸವಾರನನ್ನು ಮಾಡಿದ ಶಿಲ್ಪಿ ಬೆನೆಡೆಟ್ಟೊ ಪಿಸ್ಟ್ರುಚ್ಚಿಯ ಗುರುತು.

ಪಾರ್ಕ್_ವಾಕಿಂಗ್:
ಅದೇ ಬ್ರಾಕ್ ಕೈಕೆಲಸ ಬೆಂಗಳೂರಿನಲ್ಲೇ ಇದೆಯಲ್ಲ! ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಮೂರ್ತಿ, 1906ರದ್ದು. ಲಂಡನ್ನಿನ ಅರಮನೆ ಮುಂದಿರುವ ದೊಡ್ಡ ಸ್ಮಾರಕವೂ ಅವರದ್ದೇ. 1911ರಲ್ಲಿ ಅದನ್ನು ಅನಾವರಣ ಮಾಡಿದ ದಿನವೇ ರಾಜ ಅವರಿಗೆ ಸರ್ ಪದವಿ ಕೊಟ್ಟ. ನನಗೆ ಮಾತ್ರ ನಮ್ಮ ಪಾರ್ಕಿನ ಮೂರ್ತಿ ಸ್ವಲ್ಪ ಬಿಗುವು ಅನಿಸುತ್ತದೆ.

ಉಳಿಸುತ್ತಿಗೆ:
ಬಿಗುವು ಇರಲೇಬೇಕಲ್ವಾ, ಕೈಯಲ್ಲಿ ರಾಜದಂಡ, ಗೋಳ ಎಲ್ಲ ಹಿಡಿಸಿ ಎತ್ತರದ ಪೀಠದ ಮೇಲೆ ನಿಲ್ಲಿಸಿದರೆ ಇನ್ನೇನಾಗುತ್ತದೆ. ಬ್ರಾಕ್ ಗೆದ್ದಿರುವುದು ನಾಣ್ಯದಲ್ಲಿ ಅಂತ ನನ್ನ ಅಭಿಪ್ರಾಯ. ಮೂರ್ತಿಯಲ್ಲಿ ಕೆನ್ನೆಗೆ ಬೇಕಾದಷ್ಟು ಆಳ ಸಿಗುತ್ತದೆ. ನಾಣ್ಯದಲ್ಲಿ ಮುಖ ಅಂಚಿಗಿಂತ ಮೇಲೆ ಏಳಬಾರದು, ಎದ್ದರೆ ಬೇಗ ಸವೆಯುತ್ತದೆ, ಒಂದರ ಮೇಲೊಂದು ಜೋಡಿಸಲೂ ಆಗುವುದಿಲ್ಲ. ಮುಖವನ್ನು ಪಕ್ಕದಿಂದ ತೋರಿಸುವುದೂ ಅದಕ್ಕೇ, ಎದುರಿನಿಂದ ತೋರಿಸಿದರೆ ಮೊದಲು ಮೂಗು ಹೋಗುತ್ತದೆ. ಕೂದಲೆಳೆಯಷ್ಟು ಎತ್ತರದಲ್ಲೇ ಜೋತ ಗಲ್ಲ, ತೆಳು ಮುಸುಕು, ಭಾರವಾದ ಕಣ್ರೆಪ್ಪೆ ಎಲ್ಲ ಬಂದಿದೆ. ಮುದುಕಿಯನ್ನು ಮುದುಕಿಯಾಗಿಯೇ ತೋರಿಸಿದ್ದಾನೆ, ಪುಣ್ಯಾತ್ಮ. ಅಂದ ಹಾಗೆ ಶಿಲ್ಪಿ ಮಾಡುವುದು ದೊಡ್ಡ ಮಾದರಿ, ಅಚ್ಚು ತಯಾರಿಸುವವರು ಟಂಕಸಾಲೆಯವರು.

ಅಜ್ಜಿಯ_ಕಾಸಿನಸರ:
ಬಿ.ಪಿ.ಯೂ ಸಿಕ್ಕಿತು, ಥ್ಯಾಂಕ್ಸ್! ಆದರೆ ತೂಕ 8 ಗ್ರಾಂ ದಾಟುತ್ತಿದೆ. ಸರಕ್ಕೆ ಪೋಣಿಸಲು ಮೇಲೆ ಪುಟ್ಟ ಬಳೆ ಬೆಸೆದಿದ್ದಾರೆ.

ಹಳೇರೊಕ್ಕ:
ಅಸಲಿ 7.98 ಗ್ರಾಂ, ಹೆಚ್ಚಿಗೆ ಬರುತ್ತಿರುವುದು ಆ ಬಳೆಯದ್ದಿರಬಹುದು. ಅಡ್ಡಳತೆ ನೋಡಿ, ಸುಮಾರು 22 ಮಿಲಿಮೀಟರ್ ಇರಬೇಕು. ಆದರೆ ಟಿ.ಬಿ. ಇದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ನಕಲು ಮಾಡುವವರು ಅದನ್ನೂ ಹಾಕುತ್ತಾರೆ. ಚಿನ್ನ ಎಷ್ಟು ಕ್ಯಾರೆಟ್ ಅಂತ ಮೆಷಿನ್‌ನಲ್ಲಿ ನೋಡಿಸಿ, 22 ಬರಬೇಕು. ಬಳೆ ಬಿಚ್ಚಿಸಬೇಡಿ, ಪಾಲಿಶ್ ಅಂತೂ ಮಾಡಿಸಲೇಬೇಡಿ.