‘ಸಂಘದ ಅನುವಾದ ಪಡೆಯತಕ್ಕದ್ದು’: ಮನೆ ಕಟ್ಟುವ ಒಪ್ಪಿಗೆಗೆ ಸರಿಯಾದ ಪದ ಯಾವುದು?

ಪ್ರಶ್ನೆ, ಕುಂಬಳೆಯಿಂದ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮಲ್ಲಿ, ಒಂದೇ ಜಾಗೆಯನ್ನು 8–10 ಸೆಂಟ್ಸಿನ ತುಂಡುಗಳಾಗಿ ಮಾಡಿ ಮಾರಿದ ಬಡಾವಣೆ. ಒಳರಸ್ತೆ, ಚರಂಡಿ, ಕೊಳವೆಬಾವಿ, ನೀರಿನ ಟಾಂಕಿ ಎಲ್ಲರಿಗೂ ಒಟ್ಟಿಗೆ. ಜಾಗೆ ತೆಗೆದುಕೊಂಡವರ ಸಂಘಕ್ಕೆ ಇಂಗ್ಲಿಷಿನಲ್ಲಿ ನಿಯಮಾವಳಿ ಉಂಟು, ಮಲಯಾಳದಲ್ಲೂ ಉಂಟು. ಕನ್ನಡದ ಕರಡಿನಲ್ಲಿ ಮುಖ್ಯ ವಾಕ್ಯ ಹೀಗಿದೆ: ‘ಭೂಮಾಲಕರು ತಮ್ಮ ವಸ್ತುವಿನಲ್ಲಿ ಕಟ್ಟಡ ಕಟ್ಟುವ ಮೊದಲು ಭೂಮಾಲಕರ ಸಂಘದ ಅನುವಾದ ಪಡೆಯತಕ್ಕದ್ದು.’

ಇಂಗ್ಲಿಷಿನ ಅಪ್ರೂವಲ್‌ಗೆ ಅನುಮತಿ, ಅನುಮೋದನೆ, ಮಂಜೂರಾತಿ, ಸಮ್ಮತಿ, ಒಪ್ಪಿಗೆ ಇವುಗಳಲ್ಲಿ ಯಾವುದು ಸರಿ? ‘ಭೂಮಾಲಕರ ಸಂಘ’ ಎಂಬ ಹೆಸರು ಕಿವಿಗೆ ಸರಿ ಕೇಳುವುದಿಲ್ಲ, ಯಾಕೆಂದು ಹೇಳಲಿಕ್ಕೆ ಬರುವುದಿಲ್ಲ. ಎನ್‌ಓಸಿಗೆ (ನಮ್ಮ ಆಕ್ಷೇಪ ಇಲ್ಲ ಎಂದು ಬರೆದುಕೊಡುವ ಪತ್ರ) ‘ನಿರಾಕ್ಷೇಪಣಾ ಪತ್ರ’ ಎಂದೇ ಬರೆಯಬೇಕೋ, ನಮ್ಮ ಬಾಯಿಗೆ ಬರುವ ಮಾತು ಬೇರೆ ಏನಾದರೂ ಉಂಟೋ?

ಉತ್ತರ, ಮಂಜೇಶ್ವರದಿಂದ

ಮಾಷ್ಟ್ರೇ, ಮೊದಲು ತೆಗೆಯಬೇಕಾದದ್ದನ್ನು ಹೇಳುತ್ತೇನೆ. ‘ಅನುವಾದ’ ಮಲಯಾಳ ಪ್ರತಿಯಿಂದ ಹಾಗೆಯೇ ಇಳಿದು ಬಂದದ್ದು. ಅಲ್ಲಿ ಅನುವಾದಂ ಎಂದರೆ ಅನುಮತಿ, ಇಲ್ಲಿ ಭಾಷಾಂತರ. ಕಾಸರಗೋಡಿನವರು ಹೇಗೋ ಅರ್ಥ ಮಾಡಿಕೊಂಡಾರು. ಪುತ್ತೂರು, ಸುಳ್ಯದ ಕಡೆಯಿಂದ ಬಂದು ಜಾಗೆ ಮಾಡಿದವರು ಮನೆಯ ನಕ್ಷೆಯನ್ನು ಯಾವ ಭಾಷೆಗೆ ತರ್ಜುಮೆ ಮಾಡಿಸಬೇಕು ಎಂದು ಕೇಳಿದರೆ ಉತ್ತರ ಇಲ್ಲ.

‘ವಸ್ತು’ವೂ ಅದೇ ದಾರಿಯಲ್ಲಿ ಬಂದದ್ದು. ಮಲಯಾಳದಲ್ಲಿ ವಸ್ತು ಎಂದರೆ ಸ್ಥಿರಾಸ್ತಿ. ಕನ್ನಡದಲ್ಲಿ ಅದು ಹೊಯಿಗೆ, ಜಲ್ಲಿ, ಸಿಮೆಂಟು ಏನೂ ಆದೀತು. ನಿಮ್ಮ ನಿಯಮಾವಳಿಯಲ್ಲೇ ಮುಂದೆ ‘ವಸ್ತುಗಳನ್ನು ಒಳರಸ್ತೆಯಲ್ಲಿ ರಾಶಿ ಹಾಕಬಾರದು’ ಎಂಬ ಸಾಲು ಬರುವುದು ಖಂಡಿತ. ಎರಡು ಕಡೆ ಎರಡು ಅರ್ಥ ಆಗಬಾರದು. ‘ಅಪೇಕ್ಷೆ ಸಲ್ಲಿಸಬೇಕು’ ಎಂದಿದ್ದರೆ ‘ಅರ್ಜಿ’ ಮಾಡಿ. ಎಲ್ಲಕ್ಕಿಂತ ಮೋಸದ್ದು ‘ಆಧಾರ’. ಮಲಯಾಳದ ಆಧಾರಂ ನಮ್ಮ ಕ್ರಯಪತ್ರ. ‘ಅರ್ಜಿಯೊಂದಿಗೆ ಆಧಾರದ ಪ್ರತಿ ಇಡಬೇಕು’ ಎಂದು ಬರೆದರೆ ಹತ್ತರಲ್ಲಿ ಒಂಬತ್ತು ಮಂದಿ ಆಧಾರ್ ಕಾರ್ಡಿನ ಜೆರಾಕ್ಸ್ ತಂದುಕೊಡುತ್ತಾರೆ, ಅವರದ್ದು ತಪ್ಪೂ ಅಲ್ಲ.

ಇನ್ನು ಅಪ್ರೂವಲ್. ‘ಅನುಮೋದನೆ’ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಸಂಘದ ನಡಾವಳಿ ಪುಸ್ತಕದಲ್ಲಿ ಆ ಮಾತಿಗೆ ಆಗಲೇ ಕೆಲಸ ಉಂಟು. ಸೂಚಿಸಿದವರು ಇಂಥವರು, ಅನುಮೋದಿಸಿದವರು ಇಂಥವರು ಎಂದು ಪ್ರತಿ ಠರಾವಿನ ಕೆಳಗೆ ಬರೆಯುತ್ತೇವಲ್ಲ? ಅಲ್ಲಿ ಅನುಮೋದಕ ಎಂದರೆ ಠರಾವಿಗೆ ಬೆಂಬಲ ಹೇಳಿದ ಒಬ್ಬ ಸದಸ್ಯ ಮಾತ್ರ, ಠರಾವು ಆಮೇಲೆ ಬಿದ್ದೂ ಹೋಗಬಹುದು. ‘11ನೇ ನಿವೇಶನದ ನಕ್ಷೆಗೆ ಅನುಮೋದನೆ ಆಗಿದೆ’ ಎಂದರೆ ಸಂಘ ಒಪ್ಪಿತೋ, ಒಬ್ಬರು ಕೈ ಎತ್ತಿದರೋ? ತಕರಾರು ಬಂದಾಗ ಈ ಎಳೆಯನ್ನೇ ಹಿಡಿದು ಎಳೆಯುತ್ತಾರೆ.

‘ಮಂಜೂರಾತಿ’ ಬೇಡ. ಕೊಡುವವನ ಕೈಯಲ್ಲಿ ಇರುವುದನ್ನು ಕೊಟ್ಟರೆ ಮಂಜೂರು: ಸಾಲ ಮಂಜೂರು, ರಜೆ ಮಂಜೂರು, ದರ್ಖಾಸ್ತು ಜಾಗೆ ಮಂಜೂರು. ಸ್ವಂತ ಜಾಗೆಯಲ್ಲಿ ಸ್ವಂತ ಹಣದಿಂದ ಕಟ್ಟುವವರಿಗೆ ಸಂಘ ಏನನ್ನೂ ಕೊಡುವುದಿಲ್ಲ.

‘ಅನುಮತಿ’ಯ ತೊಂದರೆ ಅರ್ಥದ್ದಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ ಎಂಬುದೇ ತೊಂದರೆ. ಪಂಚಾಯತು ಕೊಡುವುದೂ ಅನುಮತಿ, ಸಂಘ ಕೊಡುವುದೂ ಅನುಮತಿ ಎಂದಾದರೆ ಒಂದು ಸಿಕ್ಕಿದವರು ಇನ್ನೊಂದು ಬೇಡ ಎಂದುಕೊಳ್ಳುತ್ತಾರೆ. ಸಂಘದ ಮೊಹರು ಬಿದ್ದ ನಕ್ಷೆ ಹಿಡಿದು ಪಂಚಾಂಗದ (ತಳಪಾಯದ) ಕೆಲಸ ಶುರುಮಾಡಿದವರಿಗೆ ಪಂಚಾಯತಿನ ಸ್ಟಾಪ್ ಮೆಮೋ ಬರುತ್ತದೆ. ಪರ್ಮಿಟ್ ಕೈಗೆ ಬಂದ ಮೇಲೆ ಸಂಘಕ್ಕೆ ಬಂದವರು ಗೋಡೆ ಒಂದು ಮೀಟರು ಹಿಂದೆ ಹೋಗಲಿ ಎಂದು ಹೇಳಿಸಿಕೊಂಡರೆ ಪುನಃ ಪರಿಷ್ಕೃತ ನಕ್ಷೆ, ಪುನಃ ಶುಲ್ಕ. ಹಾಗಾಗಿ ಯಾರು ಕೊಡುತ್ತಾರೋ ಅವರಿಗೆ ತಕ್ಕ ಪದ ಇಟ್ಟುಬಿಡಿ. ಪಂಚಾಯತಿನದ್ದು ಪರವಾನಗಿ. ಸಂಘದ್ದು ಒಪ್ಪಿಗೆ. ಪಕ್ಕದ ಜಾಗೆಯವರದ್ದು ಸಮ್ಮತಿ. ಮೂರನೆಯದೂ ನಿಜವಾಗಿ ಬೇಕಾಗುತ್ತದೆ: ಸಣ್ಣ ಮನೆಯ ಒಂದು ಬದಿ ಗಡಿಗೆ ತಾಗಿ ಬರುವುದಾದರೆ ಆ ಬದಿಯವರ ಬರಹದ ಸಮ್ಮತಿಯನ್ನು ಕಟ್ಟಡ ನಿಯಮಗಳೇ ಕೇಳುತ್ತವೆ. ಮಲಯಾಳದವರೂ ಅದನ್ನು ಸಮ್ಮತಪತ್ರಂ ಎಂದೇ ಹೇಳುವುದರಿಂದ ಇಲ್ಲಿ ಎರಡು ಭಾಷೆಗೂ ಜಗಳ ಇಲ್ಲ.

ಒಪ್ಪಿಗೆ ತೀರಾ ಮನೆಮಾತು, ಕಾನೂನಿನ ತೂಕ ಇಲ್ಲ ಎಂದು ಕೆಲವರು ಹೇಳಿಯಾರು. ಮುಂದೆ ‘ಲಿಖಿತ’ ಹಾಕಿದರೆ ತೂಕ ತಾನಾಗಿ ಬರುತ್ತದೆ. ಷರತ್ತಿನ ಒಪ್ಪಿಗೆ, ಒಪ್ಪಿಗೆ ತಡೆಹಿಡಿಯುವುದು, ಒಪ್ಪಿಗೆ ಹಿಂತೆಗೆಯುವುದು, ಎಲ್ಲ ಸಲೀಸಾಗಿ ಕೂಡುತ್ತವೆ. ‘ಅನುಮೋದನೆ ತಡೆಹಿಡಿಯಲ್ಪಟ್ಟಿದೆ’ ಎಂದು ಬರೆದು ನೋಡಿ, ಉಸಿರು ಕಟ್ಟುತ್ತದೆ.

ಉತ್ತರ, ಕಾಸರಗೋಡಿನಿಂದ

ಮೇಲಿನವರು ಹೇಳಿದ ಮೂರು ಪದಗಳ ಹಂಚಿಕೆ ಸರಿ. ಅದು ಬರೀ ಅಂದಕ್ಕಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕನ್ನಡ ಪ್ರತಿ ಗೋಡೆಗೆ ಅಂಟಿಸುವ ಅಲಂಕಾರ ಆಗಬಾರದು, ಕಡತದಲ್ಲಿ ನಿಲ್ಲಬೇಕು.

‘ಭೂಮಾಲಕ’ ಯಾಕೆ ಸರಿ ಕೇಳುವುದಿಲ್ಲ ಎಂದು ಕೇಳಿದಿರಿ. ಕಾಸರಗೋಡು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ವರ್ಗದಾರ (ಜಾಗೆಯ ಧಣಿ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ) ಎಂಬ ಮಾತುಗಳು ಹಳೆಯ ದಸ್ತಾವೇಜುಗಳಲ್ಲಿ ಇಂದಿಗೂ ಸಿಗುತ್ತವೆ. ಕೇರಳ ಭೂಸುಧಾರಣಾ ಕಾಯ್ದೆ 1963ರದ್ದು. ಒಕ್ಕಲು ಸಾಗುವಳಿಯ ಜಾಗೆಗಳ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಹೋದದ್ದು 1970ರ ಜನವರಿ 1ರಿಂದ. ಆ ಚರ್ಚೆಯಲ್ಲೆಲ್ಲ ಭೂಮಾಲಕ ಎಂದರೆ ಗೇಣಿ ಪಡೆಯುವ ಧಣಿ, ಅವನ ಎದುರು ಒಕ್ಕಲು. ಎಂಟು ಸೆಂಟ್ಸಿನವರು ಸೇರಿ ‘ಭೂಮಾಲಕರ ಸಂಘ’ ಎಂದು ಬೋರ್ಡು ಹಾಕಿದರೆ ಹಿರಿಯರಿಗೆ ನಗು ಬಂದೀತು. ಮಾಲಕ–ಮಾಲೀಕ ಎಂಬ ಭೇದವನ್ನು ಇಲ್ಲಿ ಎಳೆಯುವುದು ಬೇಡ. ಕರಾವಳಿಯಲ್ಲಿ ಮಾಲಕ, ಘಟ್ಟದ ಮೇಲೆ ಮಾಲೀಕ, ಎರಡೂ ಸರಿ.

‘ಪ್ಲಾಟು ಮಾಲಕರ ಸಂಘ’ ಎಂದು ಯಾರಾದರೂ ಸೂಚಿಸಿದರೆ ಅದನ್ನೂ ಬಿಡಿ. ಬಾಯಲ್ಲಿ ಪ್ಲಾಟು ಫ್ಲಾಟು ಒಂದೇ, ಕಾನೂನಿನಲ್ಲಿ ಬೇರೆ. ಫ್ಲಾಟಿನವರಿಗೆ 1983ರ ಕೇರಳ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆ ಉಂಟು. ಬಿಡಿ ಜಾಗೆಯವರು ಮಾಡಿಕೊಳ್ಳುವ ಸಂಘ ಇಲ್ಲಿ 1860ರ ಸೊಸೈಟಿ ನೋಂದಣಿ ಕಾಯ್ದೆಯ ಕೆಳಗೆ ಬರುತ್ತದೆ. ತೆಂಕಣ ಜಿಲ್ಲೆಗಳಲ್ಲಾದರೆ 1955ರ ತಿರುವಾಂಕೂರು–ಕೊಚ್ಚಿ ಕಾಯ್ದೆ. ನಾನು ‘ನಿವೇಶನದಾರರ ಸಂಘ’ ಎಂದು ಬರೆದೇನು.

ಈಗ ಪದಕ್ಕಿಂತ ದೊಡ್ಡ ವಿಷಯ. ಒಪ್ಪಿಗೆ ಪಡೆಯಬೇಕೆಂಬ ಮಾತು ಎಲ್ಲಿ ಬರೆದಿದೆ? ಬರೀ ಬೈಲಾದಲ್ಲಿದ್ದರೆ (ಅಂದರೆ ಸಂಘದ ನಿಯಮಾವಳಿಯಲ್ಲಿ; ನಮ್ಮ ಗದ್ದೆ ಬೈಲಿಗೂ ಇದಕ್ಕೂ ಸಂಬಂಧ ಇಲ್ಲ) ಅದು ಸದಸ್ಯರಾದವರನ್ನು ಮಾತ್ರ ಹಿಡಿಯುತ್ತದೆ. ಜಾಗೆ ಮಾರಿ ಹೋದರೆ ಹೊಸಬ ಸದಸ್ಯನೇ ಆಗದಿರಬಹುದು. ಕ್ರಯಪತ್ರದಲ್ಲೇ ‘ಇಂಥಿಂಥದ್ದು ಕಟ್ಟಕೂಡದು’ ಎಂದು ಬರೆದಿದ್ದರೆ, ಅದು ತಿಳಿದಿದ್ದು ಕೊಂಡವನನ್ನೂ ಹಿಡಿಯಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಸೆಕ್ಷನ್ ಹೇಳುವುದು ಅದನ್ನೇ. ಹಾಗಾಗಿ ಮೊದಲನೆಯದಕ್ಕೆ ‘ನಿಯಮ’, ಎರಡನೆಯದಕ್ಕೆ ‘ಕರಾರು’ ಎಂದು ಬೇರೆ ಬೇರೆ ಬರೆಯಿರಿ. ಎರಡಕ್ಕೂ ‘ಷರತ್ತು’ ಎಂದು ಬರೆದರೆ ಮೇಲಿಂದ ಮೇಲೆ ಗೊಂದಲ, ಯಾಕೆಂದರೆ ಒಪ್ಪಿಗೆಪತ್ರದ ಕೆಳಗೆ ಹಾಕುವ ‘ಕೆಲಸ ಸಂಜೆ ಆರರೊಳಗೆ ನಿಲ್ಲಿಸಬೇಕು’ ಎಂಬಂಥವೂ ಷರತ್ತುಗಳೇ.

‘ನಿರಾಕ್ಷೇಪಣಾ ಪತ್ರ’ ಕರ್ನಾಟಕದ ಕಚೇರಿಗಳಲ್ಲಿ ನೆಲೆಯಾಗಿದೆ, ಆದರೂ ನನಗೆ ಅದು ಇಷ್ಟವಿಲ್ಲ. ಟೈಪು ಮಾಡುವಾಗ ಕೈತಪ್ಪಿ ‘ನಿರಾಕರಣಾ ಪತ್ರ’ ಆಗುತ್ತದೆ, ಅರ್ಥ ತಲೆಕೆಳಗು. ನಮ್ಮ ಮಾತಿನ ‘ಅಡ್ಡಿಯಿಲ್ಲ’ ಅದಕ್ಕೆ ಅಚ್ಚುಕಟ್ಟಾಗಿ ಕೂಡುತ್ತದಾದರೂ ಬಡಗಣವರಿಗೆ ವಿಚಿತ್ರ ಕಾಣುತ್ತದೆ, ನಮಗೇ ಅದು ‘ಪರವಾಗಿಲ್ಲ, ಸುಮಾರಾಗಿದೆ’ ಎಂದೂ ಕೇಳುತ್ತದೆ. ‘ತಕರಾರಿಲ್ಲದ ಪತ್ರ’ ಎಂದರೆ ಕಂದಾಯ ಕಚೇರಿಯ ಭಾಷೆಗೂ ಹೊಂದುತ್ತದೆ. ಏನೇ ಬರೆದರೂ ಒಂದು ನೆನಪಿರಲಿ: ತಕರಾರಿಲ್ಲ ಎನ್ನುವುದು ಒಪ್ಪಿದ್ದೇವೆ ಎಂದಂತೆ ಅಲ್ಲ. ನಕ್ಷೆ ನೋಡಿ, ಅಳತೆ ಪರಿಶೀಲಿಸಿ ಸಹಿ ಹಾಕಿದರೆ ಒಪ್ಪಿಗೆ. ನಕ್ಷೆ ನೋಡದೆ, ಬಾಕಿ ಹಣ ಇಲ್ಲ, ನಮ್ಮ ಅಡ್ಡಿ ಇಲ್ಲ ಎಂದರೆ ತಕರಾರಿಲ್ಲದ ಪತ್ರ.

ಇಂಗ್ಲಿಷಿನ ‘ಡೀಮ್ಡ್’ ಎಂಬುದಕ್ಕೆ ಹೊಸ ಶಬ್ದ ಹುಡುಕುವುದು ಬೇಡ. ‘ಇಷ್ಟು ದಿವಸದೊಳಗೆ ಸಂಘ ಲಿಖಿತ ಉತ್ತರ ಕೊಡದಿದ್ದರೆ ಒಪ್ಪಿಗೆ ಕೊಟ್ಟಿದೆ ಎಂದು ಭಾವಿಸತಕ್ಕದ್ದು’ ಎಂದರೆ ಸಾಕು. ದಿವಸ ಎಣಿಸುವುದು ಎಲ್ಲಿಂದ ಎಂದು ಬರೆಯದಿದ್ದರೆ ಆ ಸಾಲು ಇದ್ದೂ ಇಲ್ಲದ ಹಾಗೆ. ಎಲ್ಲ ದಾಖಲೆ ಸೇರಿದ ಅರ್ಜಿಗೆ ಸಂಘ ರಶೀದಿ ಕೊಟ್ಟ ದಿವಸದಿಂದ ಎಂದು ಬರೆಯಿರಿ.

ಉತ್ತರ, ಬದಿಯಡ್ಕದಿಂದ

ಕಟ್ಟಡದ ಕಡೆಯ ಕೆಲವು ಮಾತುಗಳು.

ಮೇಲೆ ಒಬ್ಬರು ‘ಪಂಚಾಂಗ’ ಎಂದಿದ್ದಾರೆ. ನಮಗೆ ಅದು ಮನೆಯ ಬುಡದ ಕಲ್ಲುಕಟ್ಟು, ಬಡಗಣವರಿಗೆ ತಿಥಿ ನೋಡುವ ಪುಸ್ತಕ. ನಿಯಮಾವಳಿಯಲ್ಲಿ ಒಮ್ಮೆ ‘ಪಂಚಾಂಗ, ಅಂದರೆ ತಳಪಾಯ’ ಎಂದು ಬರೆದು ಮುಂದೆ ಪಂಚಾಂಗ ಎಂದೇ ಮುಂದುವರಿಸಿ. ಈ ಪದವನ್ನು ಬಿಡಬೇಡಿ, ಯಾಕೆಂದರೆ ಸಂಘದವರು ಸ್ಥಳಕ್ಕೆ ಬಂದು ಅಳತೆ ಹಿಡಿಯಬೇಕಾದದ್ದು ಪಂಚಾಂಗ ಮುಗಿದ ಕೂಡಲೇ, ಮೇಲಿನ ಕೆಂಪುಕಲ್ಲಿನ ಗೋಡೆ ಏಳುವ ಮೊದಲು. ಆಗ ಅರ್ಧ ಮೀಟರು ತಪ್ಪಿದ್ದರೂ ಸರಿಪಡಿಸಬಹುದು. ಸ್ಲಾಬು ಬಿದ್ದ ಮೇಲೆ ಯಾರ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಗೋಡೆ ಸರಿಯುವುದಿಲ್ಲ.

ಸೆಟ್‌ಬ್ಯಾಕಿಗೆ ‘ತೆರವು’ ಎಂದು ಬರೆದದ್ದನ್ನು ಕಂಡಿದ್ದೇನೆ. ತೆರವು ಎಂದರೆ ಒಕ್ಕಲೆಬ್ಬಿಸುವುದು ಎಂದೇ ಜನರಿಗೆ ಹೊಳೆಯುವುದು. ‘ಖಾಲಿ ಬಿಡುವ ಜಾಗ’ ಎಂದು ಬಿಡಿಸಿ ಬರೆಯಿರಿ, ಎಲ್ಲಿಂದ ಎಲ್ಲಿಗೆ ಎಂದೂ ಹೇಳಿ. ಕೇರಳ ಪಂಚಾಯತ್ ರಾಜ್ ಕಾಯ್ದೆಯ 220(ಬಿ) ಸೆಕ್ಷನ್ ರಸ್ತೆಬದಿಯಲ್ಲಿ ಕಟ್ಟದೆ ಬಿಡಲು ಹೇಳುವ 3 ಮೀಟರು ರಸ್ತೆಯ ಗಡಿಯಿಂದ ಲೆಕ್ಕ, ರಸ್ತೆಯ ನಡುವಿನಿಂದ ಅಲ್ಲ. ಇಂಗುಗುಂಡಿಗೆ (ಮಳೆನೀರಿನದ್ದಲ್ಲ, ಶೌಚದ ಕೊಳೆನೀರು ಇಂಗುವ ಗುಂಡಿ) ಎರಡು ಅಳತೆ: ಕುಡಿಯುವ ನೀರಿನ ಬಾವಿಯಿಂದ 7.5 ಮೀಟರು, ಗಡಿಯಿಂದ 1.2 ಮೀಟರು. ಎಂಟು ಸೆಂಟ್ಸ್ ಎಂದರೆ ಸುಮಾರು 324 ಚದರ ಮೀಟರು. ಅದರೊಳಗೆ ಸ್ವಂತ ಬಾವಿಯೂ ಗುಂಡಿಯೂ ಮನೆಯೂ ಕೂರಬೇಕು, ಆಚೆಯವರ ಬಾವಿಯಿಂದಲೂ ದೂರ ಇರಬೇಕು. ಒಪ್ಪಿಗೆಯ ಅರ್ಜಿಯಲ್ಲಿ ‘ಪಕ್ಕದ ಜಾಗೆಗಳ ಬಾವಿ ಮತ್ತು ಇಂಗುಗುಂಡಿಗಳನ್ನು ನಕ್ಷೆಯಲ್ಲಿ ಗುರುತಿಸಬೇಕು’ ಎಂದು ಸೇರಿಸಿ. ಸಂಘದ ನಿಜವಾದ ಉಪಯೋಗ ಇಲ್ಲೇ ಇರುವುದು. ಗೋಡೆಯ ಬಣ್ಣ ಏನಿರಬೇಕು ಎಂಬುದರಲ್ಲಿ ಅಲ್ಲ.

ಮತ್ತೊಂದು, ಮಲಯಾಳ ದಾಖಲೆಯ ‘ನಿಲಂ’. ಅದನ್ನು ‘ನೆಲ’ ಎಂದು ಕನ್ನಡಿಸಿದರೆ ಕೆಟ್ಟಿತು. ಕಂದಾಯ ಲೆಕ್ಕದಲ್ಲಿ ನಿಲಂ ಎಂದರೆ ಗದ್ದೆ, ಪುರಯಿಡಂ ಎಂದರೆ ಹಿತ್ತಿಲು. ನಿಲಂ ಎಂದಿದ್ದ ಜಾಗೆಯನ್ನು 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಹಿಡಿದಿರುತ್ತದೆ. ಆ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಗಳ ಸರಕಾರಿ ಪಟ್ಟಿಯಲ್ಲಿ) ಸೇರಿದ್ದರೆ ತೆಗೆಸಲಿಕ್ಕೆ ಫಾರಂ 5, ಸೇರದೆ ಬರೀ ನಿಲಂ ಎಂದಿದ್ದರೆ ಸ್ವಭಾವ ಬದಲಾಯಿಸಲಿಕ್ಕೆ ಫಾರಂ 6. ಅದು ಬೇಕಾದಲ್ಲಿ ಆಗದೆ ಸಂಘದ ಒಪ್ಪಿಗೆ ಎಷ್ಟು ಚಂದದ ಕನ್ನಡದಲ್ಲಿದ್ದರೂ ಪರವಾನಗಿ ಹುಟ್ಟುವುದಿಲ್ಲ.

ಕೊನೆಗೆ ‘ಸ್ವಾಧೀನ’. ವಿಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟನ್ನು ನಾವು ಸ್ವಾಧೀನ ಪತ್ರ ಎನ್ನುತ್ತೇವೆ, ಅದು ಕಟ್ಟುವ ಮೊದಲಿನದ್ದು. ಬೆಂಗಳೂರಿನವರು ‘ಸ್ವಾಧೀನಾನುಭವ ಪತ್ರ’ ಎನ್ನುವುದು ಮನೆ ಮುಗಿದ ಮೇಲಿನ ಆಕ್ಯುಪೆನ್ಸಿಗೆ. ಎರಡನೆಯದಕ್ಕೆ ‘ವಾಸಯೋಗ್ಯ ಪತ್ರ’ ಎಂದು ಬರೆದರೆ ಇಲ್ಲಿ ತೊಡಕಿಲ್ಲ.

ಮರುಪ್ರಶ್ನೆ, ಕುಂಬಳೆಯಿಂದ

ಎಲ್ಲ ಸೇರಿಸಿ ಈಗ ಹೀಗೆ ನಿಂತಿದೆ: ‘ನಿವೇಶನದಾರರು ತಮ್ಮ ಜಾಗೆಯಲ್ಲಿ ಮನೆ, ಶೆಡ್ಡು, ಆವರಣಗೋಡೆ ಮುಂತಾದ ಯಾವುದೇ ಕಟ್ಟೋಣವನ್ನು ಹೊಸದಾಗಿ ಕಟ್ಟುವುದಿದ್ದರೂ ಇದ್ದದ್ದನ್ನು ವಿಸ್ತರಿಸುವುದಿದ್ದರೂ, ಪಂಚಾಯತಿನ ಪರವಾನಗಿಗೆ ಅರ್ಜಿ ಕೊಡುವ ಮೊದಲು ಸಂಘದ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಈ ಒಪ್ಪಿಗೆಯು ಪರವಾನಗಿಯ ಬದಲಿಗೆ ಆಗದು.’ ‘ಕಟ್ಟೋಣ’ ಹಾಕಿದ್ದು ಬೇಕೆಂದೇ, ಕಟ್ಟಡ ಎಂದರೆ ಆವರಣಗೋಡೆ ಅದರೊಳಗೆ ಬರುವುದಿಲ್ಲ ಎನ್ನುವವರಿದ್ದಾರೆ.

ಉತ್ತರ, ಬದಿಯಡ್ಕದಿಂದ

ಮಾಷ್ಟ್ರೇ, ವಾಕ್ಯ ಚೆನ್ನಾಗಿದೆ, ಆದರೆ ಕ್ರಿಯಾಪದ ಸಾಲದು. ಬಾವಿಯನ್ನು ಯಾರೂ ಕಟ್ಟುವುದಿಲ್ಲ, ತೋಡುತ್ತಾರೆ. ದರೆಯನ್ನು ಕಡಿಯುತ್ತಾರೆ, ತಗ್ಗನ್ನು ಮಣ್ಣು ಹಾಕಿ ತುಂಬುತ್ತಾರೆ. ನಮ್ಮ ಗುಡ್ಡೆಯ ಜಾಗೆಗಳಲ್ಲಿ ಮಳೆಗಾಲದ ಜಗಳ ಮುಕ್ಕಾಲು ಪಾಲು ಕಡಿದ ದರೆಯದ್ದು, ಮೇಲಿನವರ ಆವರಣ ಕೆಳಗಿನವರ ಅಂಗಳಕ್ಕೆ ಬಂದು ಕೂತದ್ದರದ್ದು. ‘ಕಟ್ಟುವುದಿದ್ದರೂ, ತೋಡುವುದಿದ್ದರೂ, ಮಣ್ಣು ಕಡಿಯುವುದಾಗಲಿ ತುಂಬುವುದಾಗಲಿ ಇದ್ದರೂ’ ಎಂದು ಮಾಡಿ.