ಶಾಸನವನ್ನು ‘ಅಬ್‌ಸ್ಟ್ರೂಸ್’ ಅನ್ನೋದು ತಪ್ಪಾ?

ಅಕ್ಕಿ ಅಂಗಡಿ, ದಾವಣಗೆರೆ:
ಅಕ್ಕನ ಮಗಳನ್ನು ಶಾಲೆಯವರು ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಗೆ, ಅಲ್ಲಿರೋ ಅಶೋಕನ ಶಾಸನ ನೋಡೋಕೆ, ಕರ್ಕೊಂಡು ಹೋಗಿದ್ದರು. ಬಂದವಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಳು. ‘ದಿ ಇನ್‌ಸ್ಕ್ರಿಪ್ಷನ್ ಈಸ್ ಅಬ್‌ಸ್ಟ್ರೂಸ್’ ಅಂತ ಒಂದು ಸಾಲು. ಮಿಸ್ಸು ಆ ಪದಕ್ಕೆ ಕೆಂಪು ಸುತ್ತು ಹಾಕಿದ್ದಾರೆ, ಕಾರಣ ಬರೆದಿಲ್ಲ. ಡಿಕ್ಷನರಿಯಲ್ಲಿ ‘ಅರ್ಥಮಾಡಿಕೊಳ್ಳಲು ಕಷ್ಟವಾದ’ ಅಂತಲೇ ಇದೆ. ಬ್ರಾಹ್ಮಿ ಲಿಪಿ ನಮ್ಮಲ್ಲಿ ಯಾರಿಗೆ ಅರ್ಥವಾಗುತ್ತೆ ಹೇಳಿ? ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಾಳೆ. ನನ್ನ ಇಂಗ್ಲಿಷು ಬಿಲ್ ಬರೆಯೋಕೆ ಸಾಕು, ಇದಕ್ಕೆ ಸಾಲದು.

ದುರ್ಗದ ಮೇಷ್ಟ್ರು:
ಸುತ್ತು ಹಾಕಿದ್ದು ಸರಿಯೇ. ಆದರೆ ಒಂದು ಸಾಲು ಕಾರಣ ಬರೆಯಬಹುದಿತ್ತು. ಓದೋಕೆ ಬಾರದ್ದಕ್ಕೆಲ್ಲ ಈ ಪದ ಹಾಕೋದಿಲ್ಲ. ವಿಷಯವೇ ಆಳವಾಗಿದ್ದು, ಓದಿದ ಮೇಲೂ ಕೈಗೆ ಸಿಗದಿದ್ದರೆ ಮಾತ್ರ. ಲ್ಯಾಟಿನ್‌ನಲ್ಲಿ ಇದರ ಮೂಲಕ್ಕೆ ‘ಮರೆಗೆ ತಳ್ಳು’ ಅನ್ನೋ ಅರ್ಥವಿದೆ.

ಬ್ರಹ್ಮಗಿರಿಯಲ್ಲಿ ಅಶೋಕ ಹೇಳಿಸಿದ್ದೇನು? ತಂದೆತಾಯಿ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ. ಇದರಲ್ಲಿ ತಿಳಿಯದ್ದು ಏನಿದೆ? ಲಿಪಿ, ಪ್ರಾಕೃತ ಭಾಷೆ ನಮಗೆ ಗೊತ್ತಿಲ್ಲ, ಅಷ್ಟೇ. ಬ್ರಾಹ್ಮಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬಿಡಿಸಿದ್ದಾರೆ. ಶಾಸನ ಬರೆದ ಚಪಡ ಮಾತ್ರ ಕೊನೆಗೆ ‘ಲಿಪಿಕಾರ’ ಅನ್ನೋ ಪದವನ್ನು ಖರೋಷ್ಠಿ ಅನ್ನೋ ಬೇರೆ ಲಿಪಿಯಲ್ಲಿ ಕೆತ್ತಿ ಸ್ವಲ್ಪ ಜಂಬ ತೋರಿಸಿದ್ದಾನೆ!

ಈಗ ಅಲ್ಲಮನ ಬೆಡಗಿನ ವಚನ ತಗೊಳ್ಳಿ. ಬಳಸಿರೋದು ಅಚ್ಚಗನ್ನಡ, ಒಂದೊಂದು ಪದವೂ ಗೊತ್ತು. ಆದರೂ ತಲೆಬುಡ ತಿಳಿಯೋದಿಲ್ಲ. ಅದು ಅಬ್‌ಸ್ಟ್ರೂಸ್. ಕ್ವಾಂಟಮ್ ಸಿದ್ಧಾಂತ, ಶಂಕರ–ರಾಮಾನುಜರ ವಾದಗಳಿಗೂ ಹೇಳಬಹುದು. ಮಗುವಿನ ಸಾಲಿಗೆ ‘ದಿ ಸ್ಕ್ರಿಪ್ಟ್ ಈಸ್ ಅನ್‌ಫೆಮಿಲಿಯರ್ ಟು ಅಸ್’ ಸಾಕು.

ಬ್ಯಾಂಕ್ ಪರೀಕ್ಷೆ ಹುಡುಗಿ:
ಅಂಕಲ್, ‘ಅಬ್‌ಟ್ಯೂಸ್’ ಜೊತೆ ಕಲಸಿಕೊಳ್ಳಬೇಡಿ ಅಂತಲೂ ಅವಳಿಗೆ ಹೇಳಿ. ಅದು ಮನುಷ್ಯರಿಗೆ: ಎಷ್ಟು ಹೇಳಿದರೂ ತಲೆಗೆ ಹೋಗದವರಿಗೆ. ಗಣಿತದಲ್ಲಿ 90 ಡಿಗ್ರಿ ದಾಟಿದ ಕೋನಕ್ಕೂ ಅದೇ ಪದ. ಪೇಪರಿನಲ್ಲಿ ಎರಡನ್ನೂ ಆಯ್ಕೆಯಾಗಿ ಕೊಟ್ಟು ಸಿಕ್ಕಿಸ್ತಾರೆ. ‘ಅಬ್‌ಸ್ಟ್ರೂಸ್’ ಉಚ್ಚಾರಣೆಯಲ್ಲಿ ಒತ್ತು ‘ಸ್ಟ್ರೂ’ ಮೇಲೆ, ಕೊನೆಗೆ ‘ಸ್’, ‘ಝ್’ ಅಲ್ಲ.

ಅಕ್ಕಿ ಅಂಗಡಿ, ದಾವಣಗೆರೆ:
ಮೇಷ್ಟ್ರೇ, ವಚನದ ಉದಾಹರಣೆ ಹೇಳಿದ್ದೇ ತಡ, ಅವಳಿಗೆ ಹೊಳೀತು. ಮಿಸ್ಸನ್ನೇ ಕೇಳ್ತಾಳಂತೆ, ಬೆಡಗಿನ ವಚನದ ಮೇಲೆ ಬರೆದರೆ ಆ ಪದ ಉಳಿಸಿಕೊಳ್ಳಬಹುದಾ ಅಂತ. ಅಂದಹಾಗೆ ಕಬ್ಬಿಣದ ಕಡಲೆ ಅಂದ್ರೆ ಇದೇನಾ? ನನಗೆ ಬರೋ ಜಿಎಸ್‌ಟಿ ನೋಟಿಸಿಗೆ ಹೇಳಬಹುದಾ?

ದುರ್ಗದ ಮೇಷ್ಟ್ರು:
ಕಬ್ಬಿಣದ ಕಡಲೆ ಯಾವ ಕಷ್ಟದ ಪಾಠಕ್ಕೂ ಆಗುತ್ತೆ, ಇದು ಅಷ್ಟು ಸಡಿಲ ಅಲ್ಲ. ‘ಗಹನ’ ಇನ್ನೂ ಹತ್ತಿರ. ನೋಟಿಸಿನಲ್ಲಿ ಆಳ ಏನೂ ಇಲ್ಲ, ಬರೀ ಗೋಜಲು. ‘ಕನ್‌ಫ್ಯೂಸಿಂಗ್’ ಅನ್ನಿ, ಆಡಿಟರ್‌ಗೆ ಕೊಡಿ.